ಮುನ್ನೂರು ಬಾಗಿಲುಗಳ ಬಡಾವಣೆ

ಶುಕ್ರವಾರ ರಾತ್ರಿ ಒಂಬತ್ತರ ಹೊತ್ತಿಗೆ ಟೋಕಿಯೊದ ಶಿಂಜುಕು ಸ್ಟೇಷನ್ನಿನ ಪೂರ್ವ ಬಾಗಿಲಲ್ಲಿ ಒಂದು ನಿಮಿಷ ಸುಮ್ಮನೆ ನಿಲ್ಲಲೂ ಜಾಗ ಸಿಗುವುದಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ರೈಲು ನಿಲ್ದಾಣ ಇದು. ಕಪ್ಪು ಸೂಟು ತೊಟ್ಟ ಆಫೀಸಿನವರು ಗುಂಪುಗುಂಪಾಗಿ ಹೊರಬೀಳುತ್ತಾರೆ. ಹೆಚ್ಚಿನವರು ಎಡಕ್ಕೆ, ಕಬುಕಿಚೋದ ನಿಯಾನ್ ದೀಪಗಳ ಕಡೆ ತಿರುಗುತ್ತಾರೆ. ಕೆಲವರು ಮಾತ್ರ ನೇರ ಪೂರ್ವಕ್ಕೆ ನಡೆಯುತ್ತಾರೆ. ನಕಮುರಾಯ ಹೋಟೆಲು, ಇಸೆತಾನ್ ಮಳಿಗೆ ದಾಟಿ, ಗ್ಯೊಯೆನ್ ರಸ್ತೆಯ ಸಿಗ್ನಲ್ಲಿಗೆ ಬರುತ್ತಾರೆ. ಹಸಿರು ದೀಪ ಬೀಳುವಷ್ಟರಲ್ಲಿ ಟೈ ಬಿಚ್ಚಿ ಜೇಬಿಗೆ ಸೇರಿಸಿದವರೂ ಅವರಲ್ಲಿರುತ್ತಾರೆ.

ರಸ್ತೆಯ ಆಚೆ ಬದಿಯೇ ಶಿಂಜುಕು ನಿ-ಚೋಮೆ. ಶಿಂಜುಕುವಿನ ಎರಡನೇ ಬ್ಲಾಕು. ಇಲ್ಲಿ ದೀಪಗಳು ಕಡಿಮೆ, ಬೀದಿಗಳು ಕಿರಿದು, ಮೂರು ನಾಲ್ಕು ಅಂತಸ್ತಿನ ಹಳೆಯ ಕಟ್ಟಡಗಳು. ಕಟ್ಟಡದ ಪಕ್ಕದಲ್ಲಿ ಒಂದರ ಮೇಲೊಂದು ಪುಟ್ಟ ಬೋರ್ಡುಗಳು. ಒಂದೊಂದು ಬೋರ್ಡೂ ಒಂದೊಂದು ಬಾರ್. ಕಡಿದಾದ ಮೆಟ್ಟಿಲು ಹತ್ತಿದರೆ ಕಿಟಕಿಯೇ ಇಲ್ಲದ, ಗಟ್ಟಿಯಾಗಿ ಮುಚ್ಚಿದ ಬಾಗಿಲುಗಳ ಸಾಲು. ಐದಾರು ಬೀದಿಗಳ ಈ ತುಂಡು ಜಾಗದಲ್ಲಿ ಸುಮಾರು 300 ಗೇ ಬಾರ್‌ಗಳಿವೆ ಎಂದು ಲೆಕ್ಕ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಬಾರ್‌ಗಳು ಜಗತ್ತಿನಲ್ಲಿ ಬೇರೆಲ್ಲೂ ಸಿಗುವುದು ಕಷ್ಟ.

ಕೆಲಸಕ್ಕೆಂದೋ ಪ್ರವಾಸಕ್ಕೆಂದೋ ಟೋಕಿಯೊಗೆ ಹೋಗಿಬಂದ ಕನ್ನಡಿಗರಲ್ಲಿ ಹಲವರು ಈ ಹೆಸರು ಕೇಳಿರುತ್ತಾರೆ. ಆದರೆ ಮನಸ್ಸಿನಲ್ಲಿರುವ ಚಿತ್ರ ಬಹುಪಾಲು ಅಮೆರಿಕದ್ದು: ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಸ್ಟ್ರೊ ಬೀದಿ, ಕಂಬಕಂಬಕ್ಕೂ ಕಾಮನಬಿಲ್ಲಿನ ಬಾವುಟ, ಗಾಜಿನ ಗೋಡೆಯ ಬಾರ್‌ಗಳು, ಫುಟ್‌ಪಾತಿನ ಮೇಲೆಲ್ಲ ನಗು. ಆ ಚಿತ್ರ ಹೊತ್ತು ಮೊದಲ ಸಲ ನಿ-ಚೋಮೆಗೆ ಕಾಲಿಟ್ಟವರಿಗೆ ‘ಇಷ್ಟೇನಾ’ ಎನ್ನಿಸುತ್ತದೆ. ಎರಡು ಸುತ್ತು ಹೊಡೆದು, ಯಾವ ಬಾಗಿಲು ತಳ್ಳಬೇಕೋ ತಿಳಿಯದೆ ವಾಪಸಾಗುವವರೂ ಇದ್ದಾರೆ. ಈ ಊರಿನ ಜೀವ ಇರುವುದೇ ಆ ಮುಚ್ಚಿದ ಬಾಗಿಲುಗಳ ಹಿಂದೆ. ಅವು ಯಾಕೆ ಅಷ್ಟು ಚಿಕ್ಕವು, ಯಾಕೆ ಮುಚ್ಚಿವೆ ಎಂಬುದು ತಿಳಿದರೆ ನಿ-ಚೋಮೆ ಅರ್ಧ ತಿಳಿದಂತೆ.

ಹಸು ಮೇಯುತ್ತಿದ್ದ ಜಾಗ

ಎದೊ ಎನ್ನಿಸಿಕೊಂಡಿದ್ದ ಅಂದಿನ ಟೋಕಿಯೊದಿಂದ ಪಶ್ಚಿಮಕ್ಕೆ ಹೊರಟ ಕೋಶು ಹೆದ್ದಾರಿಯಲ್ಲಿ 1699ರಲ್ಲಿ ಒಂದು ತಂಗುದಾಣ ತಲೆಯೆತ್ತಿತು. ನೈತೊ ಮನೆತನದ ಜಮೀನಿನ ಪಕ್ಕದ ಹೊಸ ಛತ್ರಗಳ ಊರು ಎಂಬ ಅರ್ಥದಲ್ಲಿ ಅದು ನೈತೊ ಶಿಂಜುಕು. ಛತ್ರಗಳಲ್ಲಿ ಊಟ ಬಡಿಸಲು ಹೆಂಗಸರನ್ನು ಇಟ್ಟುಕೊಳ್ಳುತ್ತಿದ್ದರು. ಅವರಿಂದ ಮಾಡಿಸುತ್ತಿದ್ದ ಕೆಲಸ ಬೇರೆ. 1718ರಲ್ಲಿ ಸರ್ಕಾರ ಊರನ್ನೇ ಮುಚ್ಚಿಸಿತು. 1772ರಲ್ಲಿ ಮತ್ತೆ ತೆರೆದಾಗ ಅಂಥ 150 ಹೆಂಗಸರಿಗೆ ಪರವಾನಗಿ ಕೊಟ್ಟಿತು. ಹೆಚ್ಚಿನವರು ಹಳ್ಳಿಗಳ ಬಡ ಮನೆಗಳಿಂದ ಮುಂಗಡ ಹಣಕ್ಕೆ ಬಂದವರು.

ಅವರು ಸತ್ತರೆ ಮಣ್ಣು ಮಾಡುತ್ತಿದ್ದ ಜೋಕಾಕುಜಿ ಎಂಬ ಬೌದ್ಧ ದೇವಾಲಯ ನಿ-ಚೋಮೆಯ ಅಂಚಿನಲ್ಲಿ, ಯಾಸುಕುನಿ ರಸ್ತೆಗೆ ತಾಗಿಕೊಂಡು ಇವತ್ತಿಗೂ ಇದೆ. ಒಳಗೆ ಒಂದು ಕಲ್ಲು. ಒಟ್ಟಿಗೆ ಹೂತ ‘ಮಕ್ಕಳ’ ನೆನಪಿಗೆ 1860ರಲ್ಲಿ ನಿಲ್ಲಿಸಿದ್ದು. ತಾವಿಟ್ಟುಕೊಂಡ ಹೆಂಗಸರನ್ನು ಛತ್ರದವರು ಕರೆಯುತ್ತಿದ್ದುದು ‘ಮಕ್ಕಳು’ ಎಂದೇ. ಕಲ್ಲು ನಿಲ್ಲಿಸಿದವರೂ ಆ ಛತ್ರಗಳ ಮಾಲೀಕರೇ. ಬಾರ್‌ಗಳಿಗೆ ಹೋಗುವ ಮುನ್ನ ಹಗಲಲ್ಲಿ ಒಮ್ಮೆ ಈ ಕಲ್ಲಿನ ಮುಂದೆ ನಿಂತು ಬರಬೇಕು ಎಂಬುದು ನನ್ನ ಅಭಿಪ್ರಾಯ. ಊರು ತನ್ನೊಳಗೆ ಬೇಡವೆಂದವರನ್ನು ತಳ್ಳಿಬಂದ ಜಾಗ ಇದು. ಆ ಗುಣ ಮುಂದೆಯೂ ಬದಲಾಗಲಿಲ್ಲ.

ಮೇಜಿ ಚಕ್ರವರ್ತಿಯ ಕಾಲದಲ್ಲಿ ಇಲ್ಲಿ ಒಂದು ಹಾಲಿನ ಡೈರಿ ಇತ್ತು, ಹಸುಗಳು ಮೇಯುತ್ತಿದ್ದವು. ಅದನ್ನು ನಡೆಸುತ್ತಿದ್ದವನು ಕತೆಗಾರ ಅಕುತಾಗವ ರ್‍ಯುನೊಸುಕೆಯ ಹೆತ್ತ ತಂದೆ. ಕುರೊಸಾವಾನ ‘ರಾಶೋಮನ್’ ಸಿನಿಮಾದ ಮೂಲಕ ಅಕುತಾಗವನ ಕತೆಗಳು ನಮ್ಮವರಿಗೂ ಪರಿಚಿತ. 1918ರಲ್ಲಿ ಪೊಲೀಸರು ಹೆದ್ದಾರಿಯ ಅಂಚಿನ ವೇಶ್ಯಾಗೃಹಗಳನ್ನೆಲ್ಲ ಈ ಬಯಲಿಗೆ ಸ್ಥಳಾಂತರಿಸುವಂತೆ ಅಪ್ಪಣೆ ಮಾಡಿದರು. ಬಯಲು ತುಂಬ ಸಣ್ಣ ಸಣ್ಣ ನಿವೇಶನಗಳು, ಸಣ್ಣ ಸಣ್ಣ ಕೋಣೆಗಳು ಎದ್ದವು. 1945ರ ಬಾಂಬ್ ದಾಳಿಯಲ್ಲಿ ಎಲ್ಲ ಸುಟ್ಟುಹೋದರೂ ಯುದ್ಧ ಮುಗಿದ ಮೇಲೆ ಅದೇ ಅಳತೆಯಲ್ಲಿ ಮತ್ತೆ ಎದ್ದವು.

ಆಮೇಲೆ ಬಂದದ್ದು ವೇಶ್ಯಾವೃತ್ತಿ ತಡೆ ಕಾಯಿದೆ. 1956ರಲ್ಲಿ ಪಾಸಾಗಿ, 1958ರ ಏಪ್ರಿಲ್ 1ರಿಂದ ಶಿಕ್ಷೆಯ ಕಲಮುಗಳು ಜಾರಿಯಾದವು. ಮನೆಗಳೆಲ್ಲ ಖಾಲಿ. ಹೆಸರು ಕೆಟ್ಟ ಜಾಗಕ್ಕೆ ಸಂಸಾರಸ್ಥರು ಬರಲೊಲ್ಲರು, ಬಾಡಿಗೆ ಇಳಿಯಿತು. ಶಿಂಜುಕುವಿನ ಬೇರೆ ಓಣಿಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಗೇ ಬಾರ್‌ಗಳು ಒಂದೊಂದಾಗಿ ಈ ಕೋಣೆಗಳಿಗೆ ಬಂದವು. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ನಿ-ಚೋಮೆ ಎಂದರೆ ಏನೆಂದು ಟೋಕಿಯೊಗೆ ಗೊತ್ತಿತ್ತು. ಇಂದಿನ ಬಾರ್‌ಗಳಲ್ಲಿ ಹತ್ತು ಜನ ಕೂತರೆ ಹನ್ನೊಂದನೆಯವರು ನಿಲ್ಲಬೇಕಾಗುವುದು ಆ ಕಾಲದ ಗೋಡೆಗಳ ಬಳುವಳಿ.

ಬೀಗ ಹಾಕಿದ್ದು ಕಾನೂನಲ್ಲ

ಬಾಗಿಲು ಮುಚ್ಚಿರುವುದಕ್ಕೆ ಪೊಲೀಸರ ಭಯವೇ ಕಾರಣವಿರಬೇಕು ಎಂದು ನಮಗೆ ತೋರುವುದು ಸಹಜ. ನಮ್ಮ ಅನುಭವ ಹಾಗಿದೆ. ಬ್ರಿಟಿಷರು 1860ರಲ್ಲಿ ಬರೆದ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಭಯದಲ್ಲಿ ಇಲ್ಲಿ ಎಷ್ಟೋ ತಲೆಮಾರು ಬದುಕಿದವು. ಅದರ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು. ಜಪಾನಿನ ಕತೆ ಹಾಗಲ್ಲ. ಗಂಡಸರ ನಡುವಿನ ಸಂಬಂಧವನ್ನು ಅಪರಾಧವೆನ್ನುವ ಕಾನೂನು 1870ರ ದಶಕದಲ್ಲಿ ಬಂದದ್ದು ಹೌದು. ಹತ್ತು ವರ್ಷ ತುಂಬುವ ಮೊದಲೇ, 1882ರಲ್ಲಿ ಹೊಸ ದಂಡ ಸಂಹಿತೆ ಜಾರಿಯಾದಾಗ ಅದು ಹೋಯಿತು. ಮತ್ತೆ ಬರಲಿಲ್ಲ.

ಅಲ್ಲಿ ಕಾವಲು ಕೂತದ್ದು ಮನೆ ಮತ್ತು ಆಫೀಸು. ವಯಸ್ಸಿಗೆ ಬಂದವನು ಮದುವೆಯಾಗಬೇಕು, ಮನೆತನದ ನೋಂದಣಿ ಪುಸ್ತಕದಲ್ಲಿ ಹೆಂಡತಿ ಮಕ್ಕಳ ಹೆಸರು ಸೇರಬೇಕು. ಮದುವೆಯಾಗದವನು ಜವಾಬ್ದಾರಿಯಿಲ್ಲದವನು ಎಂದು ಕಂಪನಿಗಳು ಬಹುಕಾಲ ನಂಬಿದ್ದವು, ಬಡ್ತಿಗೂ ಅದು ಅಡ್ಡ ಬರುತ್ತಿತ್ತು. ಬೈಯುವವರಿಲ್ಲ, ಹೊಡೆಯುವವರಿಲ್ಲ, ‘ಯಾವಾಗಪ್ಪ ಮದುವೆ?’ ಎಂದು ಕೇಳುವವರು ಮಾತ್ರ ಎಲ್ಲೆಲ್ಲೂ. ಈ ಒತ್ತಡ ಎಂಥದು ಎಂದು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2013ರಲ್ಲಿ ಬಂದ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಓದಿದವರಿಗಂತೂ ಬೇಕೇ ಇಲ್ಲ.

ಹಾಗಾಗಿ ನಿ-ಚೋಮೆಯಲ್ಲಿ ಜನ ತಮ್ಮ ನಿಜದ ಹೆಸರನ್ನು ಸಿಗ್ನಲ್ಲಿನ ಆಚೆ ಬದಿಯಲ್ಲೇ ಬಿಟ್ಟು ಬರುತ್ತಿದ್ದರು. ವಿಸಿಟಿಂಗ್ ಕಾರ್ಡ್ ಕೊಡದೆ ಪರಿಚಯವೇ ಆಗದ ದೇಶದಲ್ಲಿ ಇಲ್ಲಿ ಯಾರೂ ಕಾರ್ಡ್ ತೆಗೆಯುತ್ತಿರಲಿಲ್ಲ. ಅಡ್ಡಹೆಸರು ಸಾಕು. ಹತ್ತು ವರ್ಷ ಒಂದೇ ಕೌಂಟರಿನಲ್ಲಿ ಅಕ್ಕಪಕ್ಕ ಕೂತವರಿಗೆ ಪರಸ್ಪರರ ಕಂಪನಿ ಯಾವುದೆಂದು ಗೊತ್ತಿರದೆ ಇರಬಹುದಿತ್ತು. ಟೋಕಿಯೊದಿಂದ ದೂರವಿದ್ದವರಿಗೆ ದಾರಿ ತೋರಿಸಿದ್ದು 1971ರಲ್ಲಿ ಶುರುವಾದ ‘ಬಾರಾಜೊಕು’ ಪತ್ರಿಕೆ. ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾದ ಜಪಾನಿನ ಮೊದಲ ಗೇ ಪತ್ರಿಕೆ ಅದು. ಸಂಗಾತಿ ಹುಡುಕುವವರ ಪುಟ್ಟ ಜಾಹೀರಾತುಗಳಿಗಾಗಿಯೇ ಕಾಯುತ್ತಿದ್ದ ಓದುಗರು ಅದಕ್ಕಿದ್ದರು.

ಮರೆಯಿಂದ ಹೊರಬರುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 1990ರಲ್ಲಿ ಟೋಕಿಯೊ ಆಡಳಿತದ ಫುಚು ಯುವಜನ ವಸತಿಗೃಹದಲ್ಲಿ ತಂಗಿದ್ದ ‘ಅಕಾ’ ಎಂಬ ಗೇ ಸಂಘಟನೆಯವರನ್ನು ಉಳಿದವರು ಗೇಲಿ ಮಾಡಿ ಪೀಡಿಸಿದರು. ದೂರು ಕೊಟ್ಟರೆ, ಇನ್ನು ಮುಂದೆ ನಿಮಗೇ ಜಾಗವಿಲ್ಲ ಎಂಬ ಉತ್ತರ ಬಂತು. ಸಂಘಟನೆ ಕೋರ್ಟಿಗೆ ಹೋಯಿತು. 1994ರಲ್ಲಿ ಗೆದ್ದಿತು, 1997ರಲ್ಲಿ ಹೈಕೋರ್ಟಿನಲ್ಲೂ ಗೆದ್ದಿತು. ಟೋಕಿಯೊದ ಮೊದಲ ಪ್ರೈಡ್ ಮೆರವಣಿಗೆ ನಡೆದದ್ದೂ 1994ರಲ್ಲೇ.

ಕೌಂಟರಿನ ಎರಡು ಬದಿ

ಈಗ ಒಂದು ಬಾಗಿಲು ತಳ್ಳಿ ಒಳಗೆ ಹೋಗೋಣ. ಮೊದಲು ಕಾಣುವುದು ಉದ್ದನೆಯ ಮರದ ಕೌಂಟರು, ಅದರ ಮುಂದೆ ಎಂಟು ಹತ್ತು ಎತ್ತರದ ಸ್ಟೂಲು. ಸ್ಟೂಲಿಗೂ ಹಿಂದಿನ ಗೋಡೆಗೂ ನಡುವೆ ಒಬ್ಬರು ಓರೆಯಾಗಿ ಸರಿಯುವಷ್ಟು ಸಂದು. ಬಾಗಿಲ ಸದ್ದಿಗೆ ಕೂತವರೆಲ್ಲ ಒಮ್ಮೆ ತಿರುಗಿ ನೋಡುತ್ತಾರೆ. ಮೊದಲ ಸಲ ಬಂದವರಿಗೆ ಎದೆ ಧಸಕ್ಕೆನ್ನುವ ಗಳಿಗೆ ಅದು. ಅಷ್ಟರಲ್ಲಿ ಕೌಂಟರಿನ ಆಚೆಯಿಂದ ‘ಬನ್ನಿ ಬನ್ನಿ’ ಎಂಬ ದನಿ ಬರುತ್ತದೆ.

ಆ ದನಿಯವರೇ ಬಾರಿನ ಒಡೆಯರು. ಕೆಲವರನ್ನು ಮಾಸ್ಟರ್ ಎನ್ನುತ್ತಾರೆ, ಕೆಲವರನ್ನು ಮಾಮಾ ಎನ್ನುತ್ತಾರೆ. ಗಂಡಸಾದರೂ ಮಾಮಾ ಎಂದು ಕರೆಸಿಕೊಳ್ಳುವವರಿದ್ದಾರೆ, ಜಪಾನಿಯಲ್ಲಿ ಅದು ಅಮ್ಮ ಎಂದು. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಕೈಗೆ ಕೊಡುತ್ತಾರೆ. ಪುಟ್ಟ ಬಟ್ಟಲಿನಲ್ಲಿ ಏನಾದರೂ ತಿನ್ನಲು ಇಡುತ್ತಾರೆ: ಬೇಯಿಸಿದ ಸೋಯಾ ಕಾಯಿ, ಉಪ್ಪಿನಲ್ಲಿ ಹಾಕಿದ ಸೌತೆ, ಆಲೂಗಡ್ಡೆ ಪಲ್ಯ. ಕೇಳದೆ ಬಂದ ಈ ಬಟ್ಟಲಿಗೂ ಕೂತ ಜಾಗಕ್ಕೂ ಸೇರಿ ಸಾವಿರ ಯೆನ್ ಆಸುಪಾಸು ಬಿಲ್ಲಿಗೆ ಬೀಳುತ್ತದೆ, ಕೆಲವೆಡೆ ಇನ್ನೂ ಹೆಚ್ಚು. ಗೊತ್ತಿಲ್ಲದ ವಿದೇಶಿಯರು ಮೋಸವಾಯಿತೆಂದು ಜಗಳಕ್ಕೆ ನಿಲ್ಲುವುದು ಇಲ್ಲೇ. ಹತ್ತು ಸ್ಟೂಲಿನ ಅಂಗಡಿ ಬದುಕುವುದು ಈ ಹಣದಿಂದ. ಬರೀ ಕುಡಿತದ ಲಾಭದಲ್ಲಿ ಶಿಂಜುಕುವಿನ ಬಾಡಿಗೆ ಕಟ್ಟಲಾಗದು.

ಮಾಸ್ಟರ್ ಹಿಂದಿನ ಕಪಾಟಿನ ತುಂಬ ಶೋಚು ಎಂಬ ಜಪಾನಿ ಮದ್ಯದ ಮತ್ತು ವಿಸ್ಕಿಯ ಬಾಟಲಿಗಳು. ಪ್ರತಿ ಬಾಟಲಿಯ ಕತ್ತಿಗೂ ಒಂದು ಚೀಟಿ, ಚೀಟಿಯ ಮೇಲೆ ಗಿರಾಕಿಯ ಅಡ್ಡಹೆಸರು. ಕೆಲವದರಲ್ಲಿ ಬೆಕ್ಕಿನದೋ ಕರಡಿಯದೋ ಪುಟ್ಟ ಚಿತ್ರ. ಒಮ್ಮೆ ಕೊಂಡ ಬಾಟಲಿ ಇಲ್ಲೇ ಇರುತ್ತದೆ, ಬಂದಾಗ ಅದರಿಂದಲೇ ಬಗ್ಗಿಸಿಕೊಡುತ್ತಾರೆ. ಕಪಾಟಿನಲ್ಲಿ ನಿಮ್ಮ ಚೀಟಿಯ ಬಾಟಲಿ ಇದೆ ಎಂದರೆ ಊರಿನಲ್ಲಿ ನಿಮಗೂ ಒಂದು ವಿಳಾಸ ಇದೆ ಎಂದರ್ಥ. ಮನೆಯಲ್ಲಿ ಬಾಯಿಬಿಡಲಾಗದವನಿಗೆ ಅದು ಸಣ್ಣ ಸಂಗತಿಯಲ್ಲ.

ಮಾಸ್ಟರ್ ಕೆಲಸ ಬರೀ ಬಗ್ಗಿಸಿಕೊಡುವುದಲ್ಲ. ಹೊಸಬರನ್ನು ಯಾರ ಪಕ್ಕ ಕೂರಿಸಬೇಕು, ಯಾರ ಮಾತನ್ನು ಯಾವಾಗ ತಿರುಗಿಸಬೇಕು, ಇವತ್ತು ಅಪ್ಪನ ತಿಥಿ ಮುಗಿಸಿ ಬಂದವನಿಗೆ ಕರೋಕೆ ಮೈಕು ಕೊಡಬೇಕೋ ಬೇಡವೋ ಎಲ್ಲ ಅವರ ತಲೆಯಲ್ಲಿ. ಕೂತವರ ಮಾತು ಅವರ ಮೂಲಕವೇ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ದೊಡ್ಡ ಡಿಸ್ಕೊದಲ್ಲಿ ಒಂಟಿಯಾಗಿ ನಿಂತು ಒಂಟಿಯಾಗೇ ವಾಪಸಾಗಬಹುದು, ಹತ್ತು ಸ್ಟೂಲಿನ ಕೌಂಟರಿನಲ್ಲಿ ಅದಕ್ಕೆ ಆಸ್ಪದವೇ ಇಲ್ಲ. ಕೋಣೆ ಚಿಕ್ಕದಾದದ್ದು ಬಡತನದ ಕಾರಣಕ್ಕೆ, ಆದರೆ ಅದು ಕೊಟ್ಟ ಫಲ ದೊಡ್ಡದು.

ಕೊನೆಯ ರೈಲು ನಡುರಾತ್ರಿಯ ಆಸುಪಾಸಿಗೆ. ಅದು ತಪ್ಪಿದರೆ ಬೆಳಗಿನ ಐದರ ಹೊತ್ತಿನ ಮೊದಲ ರೈಲೇ ಗತಿ, ಟ್ಯಾಕ್ಸಿ ದುಬಾರಿ. ಬೇಕೆಂದೇ ತಪ್ಪಿಸಿಕೊಳ್ಳುವವರೂ ಉಂಟು.

ಯಾವ ಬಾಗಿಲು ಯಾರಿಗೆ

ಮುನ್ನೂರು ಬಾರ್‌ಗಳೂ ಒಂದೇ ಅಲ್ಲ. ಮೈತುಂಬಿಕೊಂಡ, ಗಡ್ಡದ ಗಂಡಸರದು ಒಂದು ಗುಂಪು, ಅವರನ್ನು ಕರಡಿ ಎನ್ನುತ್ತಾರೆ. ತೆಳ್ಳಗಿನ ಹುಡುಗರದು ಒಂದು. ವಯಸ್ಸಾದವರದು, ಸೂಟಿನವರದು, ಹಳೆಯ ಹಾಡು ಇಷ್ಟಪಡುವವರದು ಬೇರೆ ಬೇರೆ. ಹೊರಗಿನವರಿಗೆ ಇದು ವಿಂಗಡಣೆಯಂತೆ ಕಂಡರೂ ಹೋಗುವವರಿಗೆ ಅನುಕೂಲ. ತನ್ನಂಥ ಐವತ್ತರ ಡುಮ್ಮನನ್ನು ಇಷ್ಟಪಡುವವರೇ ಸೇರುವ ಒಂದು ಜಾಗ ಲೋಕದಲ್ಲಿದೆ ಎಂದು ತಿಳಿದವನ ನೆಮ್ಮದಿ ಊಹಿಸಿ.

ಹೆಂಗಸರ ಬಾರ್‌ಗಳು ಬಹಳ ಕಡಿಮೆ. ಹೆಂಗಸರ ಸಂಬಳ ಕಡಿಮೆ, ರಾತ್ರಿ ಹೊರಗುಳಿಯುವ ಸ್ವಾತಂತ್ರ್ಯ ಕಡಿಮೆ, ಅಂಗಡಿ ಹಾಕಲು ಸಾಲ ಸಿಗುವುದೂ ಕಷ್ಟ. 1991ರಲ್ಲಿ ಹೆಂಗಸರ ಪಾರ್ಟಿಯಾಗಿ ಶುರುವಾಗಿ ಆಮೇಲೆ ಬಾರ್ ಆದ ‘ಗೋಲ್ಡ್ ಫಿಂಗರ್’ ಆ ಕೊರತೆಯ ನಡುವೆ ನಿಂತ ಹೆಸರು.

ಜಪಾನಿ ಬಾರದವರಿಗೆ ಸುಲಭವಾದ ಜಾಗಗಳೂ ಇವೆ. ಮೂಲೆಯಲ್ಲಿ ಬೀದಿಗೆ ತೆರೆದುಕೊಂಡಿರುವ ‘ಐರೊ ಕೆಫೆ’ಯಲ್ಲಿ ಗ್ಲಾಸು ಹಿಡಿದ ಜನ ಬೀದಿಯವರೆಗೂ ಚೆಲ್ಲಿರುತ್ತಾರೆ. ಕುಣಿಯಬೇಕೆಂದರೆ ‘ಆರ್ಟಿ ಫಾರ್ಟಿ’. ಮೊದಲ ಸಲ ಬಂದವರು ಇಲ್ಲಿ ಒಂದು ಗ್ಲಾಸು ಮುಗಿಸಿ, ಪಕ್ಕದವರನ್ನು ಮಾತನಾಡಿಸಿ, ಅವರ ಜೊತೆ ಮೆಟ್ಟಿಲು ಹತ್ತಿ ಸಣ್ಣ ಬಾರಿಗೆ ಹೋಗುವುದೇ ವಾಡಿಕೆಯ ದಾರಿ. ಒಳಗಿದ್ದವರೊಬ್ಬರು ಕರೆದುಕೊಂಡು ಹೋದರೆ ಆ ಗಟ್ಟಿ ಬಾಗಿಲು ಭಾರವೆನಿಸುವುದಿಲ್ಲ.

ನೋಡಲು ಬರುವವರು

ಗೇ ಅಲ್ಲದವರು ಹೋಗಬಹುದೆ? ಬಹಳ ಜನ ಕೇಳುವ ಪ್ರಶ್ನೆ. ಎಲ್ಲರನ್ನೂ ಕರೆಯುವ ಬಾರ್‌ಗಳಿವೆ, ಹೊರಗಿನವರನ್ನು ನಗಿಸಿ ಕಳಿಸುವುದನ್ನೇ ಕಸುಬು ಮಾಡಿಕೊಂಡ ‘ಪ್ರವಾಸಿ ಬಾರ್’ಗಳೂ ಇವೆ. ಆದರೆ ಬಾಗಿಲ ಮೇಲೆ ‘ಸದಸ್ಯರಿಗೆ ಮಾತ್ರ’ ಎಂದು ಬರೆದ ಬಾರ್ ನಿಮಗಲ್ಲ. ಭಾಷೆ ಬಾರದವರಿಗೆ ಬಾಗಿಲಲ್ಲೇ ಕೈಮುಗಿದು ‘ಕ್ಷಮಿಸಿ’ ಎನ್ನುವ ಮಾಸ್ಟರ್‌ಗಳಿದ್ದಾರೆ. ವಿದೇಶಿಯರು ಇದನ್ನು ಅವಮಾನವೆಂದುಕೊಳ್ಳುತ್ತಾರೆ. ಜನಾಂಗದ ಕಾರಣಕ್ಕೇ ತಡೆಯುವವರು ಇಲ್ಲವೆಂದು ನಾನು ಹೇಳಲಾರೆ, ಅದು ತಪ್ಪು. ಆದರೆ ಮಾತೇ ಬಂಡವಾಳವಾದ ಹತ್ತು ಸ್ಟೂಲಿನ ಕೋಣೆಯಲ್ಲಿ ಮಾತು ಬಾರದ ನಾಲ್ವರು ಕೂತರೆ ಆ ರಾತ್ರಿ ಕಳೆಗುಂದುತ್ತದೆ ಎಂಬ ಮಾಸ್ಟರ್‌ನ ಕಷ್ಟವೂ ನಿಜ.

ಒಂದನ್ನಂತೂ ಯಾರೂ ಮಾಡಬಾರದು: ಫೋಟೊ. ಬೀದಿಯಲ್ಲೂ ಬೇಡ, ಒಳಗಂತೂ ಕೇಳಲೇಬೇಡಿ. ನಿಮ್ಮ ಸೆಲ್ಫಿಯ ಹಿಂದೆ ಕಂಡ ಒಂದು ಮುಖ ಯಾರದೋ ಕೆಲಸ, ಯಾರದೋ ಸಂಸಾರ ಕೆಡಿಸಬಹುದು. ದೊಡ್ಡ ಗುಂಪಾಗಿ ನುಗ್ಗಿ, ಒಬ್ಬರು ಮಾತ್ರ ಆರ್ಡರ್ ಮಾಡಿ, ಉಳಿದವರು ಜನರನ್ನು ನೋಡುತ್ತ ನಿಲ್ಲುವುದು ಅಷ್ಟೇ ಕೆಟ್ಟದ್ದು.

ಖಾಲಿ ಸ್ಟೂಲುಗಳು

2008ರ ಜೂನ್‌ನಲ್ಲಿ ಫುಕುತೋಶಿನ್ ಮೆಟ್ರೊ ಮಾರ್ಗ ಪಕ್ಕದ ಶಿಂಜುಕು-ಸಂಚೋಮೆ ನಿಲ್ದಾಣಕ್ಕೆ ಬಂತು. ಬೇಡದ ಜಾಗ ಬೇಕಾದ ಜಾಗವಾಯಿತು. ಆಫೀಸುಗಳು, ಫ್ಲ್ಯಾಟುಗಳು ಬಂದವು. ಅದಕ್ಕಿಂತ ಜೋರಾದ ಏಟು ಮೊಬೈಲಿನದು. ಸಂಗಾತಿಯನ್ನು ಆ್ಯಪಿನಲ್ಲೇ ಹುಡುಕಬಹುದಾದಾಗ ಮೂರು ಅಂತಸ್ತು ಹತ್ತಿ, ಕೂತ ಜಾಗಕ್ಕೂ ಹಣ ಕೊಟ್ಟು ಕೂರುವುದೇಕೆ? ಕೋವಿಡ್ ಕಾಲದಲ್ಲಿ ಹತ್ತಿರ ಹತ್ತಿರ ಕೂರುವ ಈ ಕೋಣೆಗಳಷ್ಟು ಅಪಾಯದ ಜಾಗ ಇನ್ನೊಂದಿರಲಿಲ್ಲ. ಎಪ್ಪತ್ತು ದಾಟಿದ ಮಾಸ್ಟರ್‌ಗಳು ಬಾಗಿಲು ಹಾಕಿದರೆ ಮುಂದುವರಿಸುವವರು ಎಲ್ಲ ಕಡೆ ಸಿಗುವುದಿಲ್ಲ.

ಇನ್ನೊಂದು ಬದಲಾವಣೆ ಒಳ್ಳೆಯದು. 2015ರಲ್ಲಿ ಶಿಬುಯ ಮತ್ತು ಸೆತಗಾಯ ವಾರ್ಡುಗಳು ಸಲಿಂಗಿ ಜೋಡಿಗಳಿಗೆ ಪ್ರಮಾಣಪತ್ರ ಕೊಡಲು ಶುರುಮಾಡಿದವು, 2022ರಲ್ಲಿ ಇಡೀ ಟೋಕಿಯೊ ಆಡಳಿತ ಅದನ್ನು ಅನುಸರಿಸಿತು. ಆಸ್ಪತ್ರೆಯ ಭೇಟಿ, ಸರ್ಕಾರಿ ಬಾಡಿಗೆ ಮನೆಯಂಥ ವಿಷಯಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಆಸ್ತಿಯ ಹಕ್ಕು ಕೊಡುವುದಿಲ್ಲ. ಮದುವೆ ನಿರಾಕರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸಪ್ಪೊರೊ ಜಿಲ್ಲಾ ನ್ಯಾಯಾಲಯ 2021ರಲ್ಲಿ, ಅಲ್ಲಿಯ ಹೈಕೋರ್ಟ್ 2024ರಲ್ಲಿ ಹೇಳಿದವು. ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆ ಹಕ್ಕು ಕೊಡಲು ಒಪ್ಪಲಿಲ್ಲ.

ಬಾಗಿಲು ತೆರೆದರೆ ಕೋಣೆ ಬೇಕೇ ಆಗುವುದಿಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಂಗಳೂರನ್ನೇ ನೋಡಿ. 1994ರಲ್ಲಿ ‘ಗುಡ್ ಆ್ಯಸ್ ಯು’ ಎಂಬ ಗುಂಪು ಇಲ್ಲಿ ಸೇರತೊಡಗಿತು, 2008ರಿಂದ ಪ್ರೈಡ್ ಮೆರವಣಿಗೆ ನಡೆದಿದೆ, ಕಾನೂನಿನ ಭಯವೂ ಹೋಗಿದೆ. ಒಂದು ಬೀದಿ ಮಾತ್ರ ಇಲ್ಲ. ಅಲ್ಲೊಂದು ಇಲ್ಲೊಂದು ಪಬ್ಬಿನಲ್ಲಿ ತಿಂಗಳಿಗೊಂದು ಪಾರ್ಟಿ, ಬಾಡಿಗೆಗೆ ಹಿಡಿದ ಹಾಲು, ಹಿಂದಿನಿಂದಲೂ ಕಬ್ಬನ್ ಪಾರ್ಕು. ದಾವಣಗೆರೆಯಿಂದಲೋ ಬೀದರಿನಿಂದಲೋ ಬಂದ ಹುಡುಗ ಮಂಗಳವಾರದ ಸಂಜೆ ಒಬ್ಬನೇ ಹೋಗಿ, ಹೆಸರು ಹಿಡಿದು ಕರೆಯುವವರ ಮುಂದೆ ಕೂರಬಹುದಾದ ಜಾಗ ಈ ಇಷ್ಟು ದೊಡ್ಡ ಊರಿನಲ್ಲಿ ಯಾವುದಿದೆ?

ಕುಡಿಯದವರಿಗೂ ಒಂದು ಕೋಣೆ

ಟೋಕಿಯೊಗೆ ಹೊರಟ, ಮನೆಯಲ್ಲಿ ಹೇಳಿಕೊಳ್ಳದ ಕನ್ನಡದ ಹುಡುಗ ಹುಡುಗಿಯರು ಈ ಪುಟ ಓದುತ್ತಿರಬಹುದು. ಅವರಿಗಾಗಿ ಒಂದು ವಿವರ. ನಿ-ಚೋಮೆಯಲ್ಲಿ 2003ರಿಂದ ‘ಅಕ್ತ’ ಎಂಬ ಸಮುದಾಯ ಕೇಂದ್ರವಿದೆ. ಎಚ್‌ಐವಿ ತಡೆಗಟ್ಟುವ ಕೆಲಸಕ್ಕೆಂದು ಹುಟ್ಟಿದ್ದು. ಅದರ ಸ್ವಯಂಸೇವಕರು ಶುಕ್ರವಾರ ರಾತ್ರಿ ಸಮವಸ್ತ್ರ ತೊಟ್ಟು, ಬಾರಿನಿಂದ ಬಾರಿಗೆ ಕಾಂಡೋಮ್ ಹಂಚುತ್ತ ಬೀದಿ ಸುತ್ತುತ್ತಾರೆ. ಊರಿನವರು ಅವರನ್ನು ಡೆಲಿವರಿ ಬಾಯ್ಸ್ ಎಂದೇ ಕರೆಯುತ್ತಾರೆ. ಕೇಂದ್ರದಲ್ಲಿ ಪರೀಕ್ಷೆ ಎಲ್ಲಿ ಮಾಡಿಸಬೇಕೆಂಬ ಮಾಹಿತಿ ಇದೆ, ಬಾರ್‌ಗಳ ಕರಪತ್ರಗಳಿವೆ, ಕೂರಲು ಕುರ್ಚಿಗಳಿವೆ. ಕುಡಿಯಬೇಕಿಲ್ಲ, ಹಣ ಕೊಡಬೇಕಿಲ್ಲ, ಯಾರ ಪರಿಚಯವೂ ಬೇಕಿಲ್ಲ. ಯಾವ ಬಾಗಿಲು ತಳ್ಳಬೇಕೆಂದು ತಿಳಿಯದಿದ್ದರೆ ಮೊದಲು ಅಲ್ಲಿ ಕೇಳಬಹುದು.